ನಿಂತೇ ದೋಣಿ ನಡೆಸುವ ಅರ್ಡೆಲ್

ಅರ್ಡೆಲ್ ಡಾರಳ ಅಡುಗೆಮನೆಯ ಗಡಿಯಾರ ಬೇಸಿಗೆಯಲ್ಲಿ ಎಲ್ಲರ ಗಡಿಯಾರಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳಲ್ಲಿ ಸರ್ಕಾರದ ಮಾತು ಕೇಳಿ ದೇಶವೆಲ್ಲ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರೂ ಅವಳು ಮಾತ್ರ ಕೈ ಹಚ್ಚುವುದಿಲ್ಲ. "ಸಮುದ್ರಕ್ಕೆ ಯಾರೂ ಹೇಳಿಲ್ವಲ್ಲ, ನಾನ್ಯಾಕೆ ತಿರುಗಿಸ್ಲಿ?" ಎನ್ನುತ್ತಾಳೆ. ಅವಳ ಬಳಿಯಿರುವ ಉಬ್ಬರ-ಇಳಿತದ ಪುಸ್ತಕವೂ ಹಳೆಯ ಗಂಟೆಯಲ್ಲೇ ಅಚ್ಚಾಗಿ ಬರುತ್ತದೆ. ಹಾಗಾಗಿ ಅವಳಿಗೂ ನದಿಗೂ ಹೊಂದುತ್ತದೆ, ಅವಳಿಗೂ ನಮಗೂ ಹೊಂದುವುದಿಲ್ಲ. ಅವಳು ಎಂಟಕ್ಕೆ ಬರುತ್ತೇನೆಂದರೆ ನಾವು ಮನಸ್ಸಿನಲ್ಲೇ ಒಂದು ಕೂಡಿಸಿ ಒಂಬತ್ತಕ್ಕೆ ಕಾಫಿ ಇಡಬೇಕು. ಹೀಗೆ ಕೂಡಿಸುವುದರಲ್ಲಿ ನನ್ನಷ್ಟು ಪಳಗಿದವರು ಊರಲ್ಲಿ ಇನ್ನೊಬ್ಬರಿಲ್ಲವೆಂದು ನನಗೆ ಜಂಭವಿತ್ತು. ಆ ಜಂಭವೇ ಒಂದು ದಿನ ಅವಳ ಬದುಕಿನ ಬುಡಕ್ಕೆ ಕೊಡಲಿ ಹಾಕುವುದರಲ್ಲಿತ್ತು.

ನಾನು ಮರ್ನಾ. ಮೇಯ್ನ್ ರಾಜ್ಯದ ಈ ಪೂರ್ವದ ತುದಿಯಲ್ಲಿ, ಸೀವಿ ನದಿಯ ದಡದಲ್ಲಿ, ಅರ್ಡೆಲಳ ಪಕ್ಕದ ಮನೆಯವಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ, ಒಂದು ದಿನವೂ ತಡ ಮಾಡಿದವಳಲ್ಲ. ಇದನ್ನು ಹೇಳುತ್ತಿರುವುದು ಹೆಮ್ಮೆಗಲ್ಲ, ನಾಚಿಕೆಗೆ.

ಅರ್ಡೆಲ್‌ಗೆ ಈಗ ಎಪ್ಪತ್ತೊಂದು. ಒಂಬತ್ತನೆಯ ವಯಸ್ಸಿನಿಂದ ಕೆಸರಿನಲ್ಲಿ ಬಗ್ಗಿ ಕಪ್ಪೆಚಿಪ್ಪು ಅಗೆದು ಬದುಕಿದವಳು. ಬೆನ್ನು ಇಷ್ಟು ಹೊತ್ತಿಗೆ ಕೊಕ್ಕೆಯಾಗಬೇಕಿತ್ತು, ಆಗಿಲ್ಲ. "ದಿನಾ ಆರು ಗಂಟೆ ಬಗ್ಗೇ ಇರ್ತೀನಿ, ದೋಣೀಲೂ ಯಾಕೆ ಕುಕ್ಕರಿಸ್ಲಿ?" ಎಂದು ದೋಣಿಯನ್ನು ನಿಂತೇ ನಡೆಸುತ್ತಾಳೆ. ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ; ಹಿಂದೆ ಸಣ್ಣದೊಂದು ಮೋಟಾರು. ಅದರ ಹಿಡಿಗೆ ಪೈಪಿನ ತುಂಡೊಂದನ್ನು ಸಿಕ್ಕಿಸಿದ್ದಾಳೆ, ನಿಂತರೂ ಕೈಗೆಟುಕಲಿ ಎಂದು. ಕೂತರೆ ನೀರಿನ ಹೊಳಪು ಕಾಣುತ್ತದೆ, ನಿಂತರೆ ನೀರಿನ ಬಣ್ಣ ಕಾಣುತ್ತದೆ, ಬಣ್ಣ ಕಂಡವರಿಗೆ ಆಳ ಗೊತ್ತಾಗುತ್ತದೆ ಎನ್ನುವುದು ಅವಳ ಇನ್ನೊಂದು ಕಾರಣ.

ಆಳ ಗೊತ್ತಾಗದಿದ್ದರೆ ಸೀವಿಯಲ್ಲಿ ಕೆಲಸವಿಲ್ಲ. ದಿನಕ್ಕೆರಡು ಸಲ ಸಮುದ್ರ ಒಳಗೆ ನುಗ್ಗಿ ನದಿಯನ್ನು ಹದಿನೆಂಟು ಅಡಿ ಎತ್ತುತ್ತದೆ, ಎರಡು ಸಲ ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ. ಆಮೇಲೆ ಉಳಿಯುವುದು ಸೊಂಟದವರೆಗೆ ಹೂತುಹೋಗುವ ಕೆಸರು ಮತ್ತು ನಡುವೆ ಒಂದು ಸಣ್ಣ ಹರಿವು. ಚಳಿಗಾಲದ ಮಂಜುಗಡ್ಡೆ ಆ ಹರಿವನ್ನು ಪ್ರತಿವರ್ಷ ಬೇರೆ ಕಡೆಗೆ ತಳ್ಳಿಬಿಡುತ್ತದೆ. ಏಪ್ರಿಲ್‌ನಲ್ಲಿ ಗಡ್ಡೆ ಕರಗಿದ ಕೂಡಲೇ ಅರ್ಡೆಲ್ ನದಿ ಹುಡುಕಲು ಹೊರಡುತ್ತಾಳೆ. ಅದು ಅವಳದೇ ಮಾತು, "ನದಿ ಹುಡುಕೋದು". ಅವಳಪ್ಪ ಗೇಣಿಗೊಂದು ಗೀರು ಹಾಕಿಟ್ಟ ಹಳೆಯ ಹುಟ್ಟನ್ನು ನೀರಿಗಿಳಿಸಿ, ಅಂಗುಲ ಅಂಗುಲ ತಡಕಿ, ದಾರಿ ಸಿಕ್ಕಲ್ಲೆಲ್ಲ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಉದ್ದನೆಯ ಸಸಿಯೊಂದನ್ನು ಕಡಿದು ತಂದು ಗುರುತಿಗೆ ನೆಡುತ್ತಾಳೆ. ಮೂರು ವಾರದ ಕೆಲಸ, ಇಪ್ಪತ್ತೆಂಟು ಗುರುತು. ಯಾರೂ ನೇಮಿಸಿದ್ದಲ್ಲ. ಮೇಲಿನ ದಡದಲ್ಲಿರುವ ಇನ್ನೂ ಆರು ಮಂದಿ ಚಿಪ್ಪು ಅಗೆಯುವವರು ಆ ಸಸಿಗಳನ್ನು ನಂಬಿಕೊಂಡೇ ಓಡಾಡುತ್ತಾರೆ, ಒಬ್ಬನಾದರೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ.

ಅವಳ ಮನೆಗೂ ಚಿಪ್ಪು ಸಿಗುವ ಕೆಸರುಬಯಲಿಗೂ ನಡುವೆ ಒಂದು ಹಳೆಯ ಮರದ ಸೇತುವೆಯಿತ್ತು. ಅದು ಕೊಳೆತುಹೋಗಿ, ರಸ್ತೆ ಇಲಾಖೆಯವರು ಹೊಸದು ಕಟ್ಟುವ ಮಾತೆತ್ತಿದರು. ಎರಡು ನಕಾಶೆ ತಂದರು. ಒಂದರಲ್ಲಿ ಮೂರು ದೊಡ್ಡ ಪೈಪು ಹೂತು ಮೇಲೆ ರಸ್ತೆ: ನೀರು ಹೋಗುತ್ತದೆ, ದೋಣಿ ಹೋಗುವುದಿಲ್ಲ. ಇನ್ನೊಂದರಲ್ಲಿ ಕೆಳಗೆ ತೆರೆದ ಜಾಗ. ಸೇತುವೆಯಿಂದ ಮೇಲಕ್ಕೆ ದೋಣಿ ಓಡಾಡುವುದು ನಿಜವಾದರೆ ಮಾತ್ರ ಎರಡನೆಯದು. ಊರಿನ ಸಭೆಯಲ್ಲಿ ಥಿಬೋಡೊ ಎಂಬ ಎಂಜಿನಿಯರು ನದಿಯ ನಕ್ಷೆ ಹರಡಿದ. ಸೇತುವೆಯ ಆಚೆ ನದಿಯಿರುವ ಜಾಗದಲ್ಲಿ ಬರೀ ಕೆಸರಿನ ಚುಕ್ಕಿ.

"ನಕ್ಷೇಲಿ ದಾರಿ ಇಲ್ಲ ಮೇಡಮ್," ಎಂದ.

ಅರ್ಡೆಲ್ ಎದ್ದು ನಿಂತಳು. "ನಕ್ಷೆ ಬರೆಯೋನು ಬಂದಾಗ ನೀರು ಊಟಕ್ಕೆ ಹೋಗಿತ್ತೇನೋ. ನೋಡಿ ಸಾಹೇಬ್ರೆ, ಮೇಲ್ಗಡೆ ಹಳೇ ಸಾಮಿಲ್ಲಿನ ಕಟ್ಟೆ ತನಕ ನಿಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ದೋಣಿ ಹೋಗೋದು ಅಲ್ಲೀವರೆಗೇ. ತಲುಪಿದ್ರೆ ಹೌದು ಅಂತ ಬರೀರಿ, ತಲುಪದಿದ್ರೆ ನಿಮ್ಮ ಪೈಪು ಹೂತ್ಕೊಳ್ಳಿ."

ಸಭೆ ನಕ್ಕಿತು. ಆತ ಒಪ್ಪಿದ. ಮನೆಗೆ ಬರುವಾಗ ದಾರಿಯಲ್ಲಿ ನಾನು, "ಆಗದಿದ್ರೆ ಏನೇ ಮಾಡ್ತೀಯ? ಮನೆ ಮಾರ್ತೀಯಾ?" ಎಂದು ಕೇಳಿದೆ. "ಆಗದಿದ್ರೆ ಅನ್ನೋ ಮಾತು ನನ್ನ ಬಾಯಲ್ಲಿ ಬಂತಾ?" ಎಂದಳು. ಅಷ್ಟು ಹೇಳಿದರೂ ಅವಳಿಗೆ ಹೆದರಿಕೆಯಿತ್ತು. ಆ ವಾರವೆಲ್ಲ ಅವಳ ಅಡುಗೆಮನೆಯಲ್ಲಿ ಡೋನಟ್ ಕರಿಯುವ ವಾಸನೆ. ಹೆದರಿಕೆಯಾದಾಗ ಅವಳು ಡೋನಟ್ ಕರಿಯುತ್ತಾಳೆ.

ಮೇ ತಿಂಗಳ ಶುಕ್ರವಾರವೊಂದು ಗೊತ್ತಾಯಿತು. ಬೆಳಿಗ್ಗೆ ನಮ್ಮ ಹತ್ತು ಗಂಟೆಗೆ ಕೊಂಚ ಮೊದಲು ನೀರು ಪೂರ್ತಿ ತುಂಬಲಿತ್ತು. ಒಂಬತ್ತಕ್ಕೆ ಸೇತುವೆಗಿಂತ ಕೆಳಗಿರುವ ನಮ್ಮ ಕಟ್ಟೆಯಿಂದ ಹೊರಟರೆ ಏರುವ ನೀರೇ ಹೊತ್ತುಕೊಂಡು ಹೋಗುತ್ತದೆ, ತುಂಬಿದ ನೀರಲ್ಲೇ ವಾಪಸು ಬರಬಹುದು. ಈ ಲೆಕ್ಕ ಅವಳದು, ನಾನು ಆಗ ಕೇಳಿರಲಿಲ್ಲ. ಫೋನೆಂದರೆ ಅವಳಿಗಾಗದು. "ಒಂಬತ್ತಕ್ಕೆ ಬರೋಕೆ ಹೇಳು," ಎಂದು ನನಗೆ ಒಪ್ಪಿಸಿದಳು. ಅವಳ ಗಡಿಯಾರ ನನಗೆ ಗೊತ್ತಿಲ್ಲವೇ? ಒಂದು ಕೂಡಿಸಿ ಥಿಬೋಡೊಗೆ ಹತ್ತೆಂದು ಹೇಳಿದೆ.

ಶುಕ್ರವಾರ ಒಂಬತ್ತಕ್ಕೇ ಕಟ್ಟೆಯ ಬಳಿ ದೋಣಿಯಲ್ಲಿ ನಿಂತು ಅವಳು ರಸ್ತೆ ನೋಡುತ್ತಿದ್ದಳು.

"ಇನ್ನೂ ಒಂದು ಗಂಟೆ ಇದೆಯಲ್ಲೇ, ಯಾಕಿಷ್ಟು ಚಡಪಡಿಸ್ತೀಯ?" ಎಂದೆ.

"ಯಾವುದಕ್ಕೆ ಒಂದು ಗಂಟೆ?"

"ನಿನ್ನ ಒಂಬತ್ತು ಅಂದ್ರೆ ನಮ್ಮ ಹತ್ತು ತಾನೆ?"

ಅವಳು ನನ್ನ ಮುಖವನ್ನೇ ನೋಡಿದಳು. "ಪರಸ್ಥಳದೋನು, ಅವನಿಗೆ ತಿಳೀಲಿ ಅಂತ ಜನ್ಮದಲ್ಲಿ ಒಂದು ಸಲ ನಾನೇ ಒಂದು ಸೇರ್ಸಿ ಹೇಳಿದ್ದೆ ಕಣೆ."

ನಮ್ಮಲ್ಲಿ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು. ಏದುಸಿರು ಬಿಡುತ್ತಾ ಹತ್ತಿ ಫೋನು ಮಾಡಿದರೆ ಆತ ಎತ್ತಲಿಲ್ಲ, ಕಾರು ಓಡಿಸುತ್ತಿದ್ದಿರಬೇಕು. ಇಳಿದು ಬಂದಾಗ ಅರ್ಡೆಲ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಥಿಬೋಡೊ ಹತ್ತಕ್ಕೆ ಸರಿಯಾಗಿ ಬಂದ. ಕಟ್ಟೆಯ ಕಲ್ಲಿನ ಮೇಲೆ ನೀರು ಆಗಲೇ ಒಂದು ಒದ್ದೆಯ ಗೆರೆ ಬಿಟ್ಟು ಕೆಳಗಿಳಿಯಲು ಶುರುಮಾಡಿತ್ತು. ವಿಷಯ ತಿಳಿಸಿ ಇನ್ನೊಂದು ದಿನ ಬರಲಾಗುವುದೇ ಎಂದು ಕೇಳಿದೆವು.

"ಸೋಮವಾರ ವರದಿ ಹೋಗ್ಬೇಕು ಮೇಡಮ್. ಇವತ್ತು ಆಗದಿದ್ರೆ ನಕ್ಷೇಲಿ ಏನಿದೆಯೋ ಅದನ್ನೇ ಬರೀಬೇಕಾಗುತ್ತೆ," ಎಂದ. ಕೆಟ್ಟ ಮನುಷ್ಯನಲ್ಲ, ಮುಖ ಸಪ್ಪಗೆ ಮಾಡಿಕೊಂಡೇ ಹೇಳಿದ.

ಅರ್ಡೆಲ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. "ಹಾಗಾದ್ರೆ ಹತ್ತು, ನನ್ನಪ್ಪಾ."

ಗಂಟೆಯೂ ಅದೇ ಆಗಿತ್ತು.

ನಾನು ಮುಂದೆ ಹುಟ್ಟು ಹಿಡಿದು ಕೂತೆ, ಆತ ನಡುವೆ, ಅವಳು ಹಿಂದೆ ನಿಂತು. ಸೇತುವೆಯ ಕೆಳಗೆ ಆತ "ಒಂದೇ ನಿಮಿಷ" ಎಂದು ಅಳತೆಪಟ್ಟಿ ತೆಗೆದು ಕಂಬ ಕಂಬ ಅಳೆಯುತ್ತಾ ಅರ್ಧ ಗಂಟೆ ತಿಂದ. ಅರ್ಡೆಲ್ ಹಲ್ಲು ಕಚ್ಚಿ ನಿಂತಿದ್ದಳು. ಅಲ್ಲಿಂದ ಮೇಲಕ್ಕೆ ಪೂರಾ ಎದುರು ನೀರು. ಸಸಿಯಿಂದ ಸಸಿಗೆ ಹೋದೆವು. ನಾನು ಹುಟ್ಟು ಇಳಿಸಿ ಕೂಗುತ್ತಿದ್ದೆ: "ಆರು ಗೇಣು! ಐದು! ಐದು!" ಮೋಟಾರಿಗೆ ಮೂರು ಬೇಕು.

ಹತ್ತೊಂಬತ್ತನೆಯ ಸಸಿ ಇರಬೇಕಾದ ಕಡೆ ಇರಲಿಲ್ಲ. ಹಿಂದಿನ ವಾರದ ಗಾಳಿಮಳೆ ಅದನ್ನು ಕಿತ್ತು, ಜೊತೆಗೆ ಅಲ್ಲಿನ ದಿಣ್ಣೆಯನ್ನೂ ಸರಿಸಿಬಿಟ್ಟಿತ್ತು. ಅವಳು ಮೋಟಾರು ನಿಲ್ಲಿಸಿದಳು. ಏಪ್ರಿಲ್‌ನಲ್ಲಿ ಮೂರು ವಾರ ಮಾಡುವ ಹುಡುಕಾಟವನ್ನು ಈಗ ನಿಮಿಷಗಳಲ್ಲಿ ಮಾಡಬೇಕಿತ್ತು. ಎಡಕ್ಕೆ ಹೋದೆವು, "ಎರಡು!" ಹಿಂದೆ ಬಂದೆವು. ನಡುವೆ ಹೋದೆವು, "ಒಂದೂವರೆ!" ದೋಣಿಯ ಹೊಟ್ಟೆ ಕೆಸರಿಗೆ ಉಜ್ಜಿತು. ಅವಳು ತೊಡೆಯುದ್ದದ ಬೂಟಿನಲ್ಲೇ ನೀರಿಗಿಳಿದು, ಹೂತುಹೋಗದಂತೆ ದೋಣಿಯ ಅಂಚು ಹಿಡಿದು ಜೋತು, ಭುಜ ಕೊಟ್ಟು ದೂಡಿದಳು.

"ಸಾಕು ಮೇಡಮ್, ತಿರುಗೋಣ," ಎಂದ ಥಿಬೋಡೊ. "ನಾನು ನೋಡಿದೆನಲ್ಲ."

"ಏನಂತ ಬರೀತೀರಿ?"

"ಮುಕ್ಕಾಲು ದಾರಿ ಹೋಯ್ತು ಅಂತ."

"ಮುಕ್ಕಾಲು ಸೇತುವೆ ಕಟ್ತೀರಾ?"

ಅವಳು ಮೇಲೆ ಹತ್ತಿ, ಎದ್ದು ನಿಂತು, ಕಣ್ಣು ಕಿರಿದು ಮಾಡಿ ನೀರನ್ನೇ ನೋಡಿದಳು. ಬಲದಂಡೆಯ ಹುಲ್ಲಿಗೆ ಒತ್ತಿಕೊಂಡು ಕಾಫಿಬಣ್ಣದ ಒಂದು ಪಟ್ಟಿ ಹೋಗುತ್ತಿತ್ತು, ದೋಣಿಯಷ್ಟೇ ಅಗಲ. "ಅಲ್ಲಿದ್ದೀಯಾ ಕಳ್ಳಿ," ಎಂದು ನದಿಗೇ ಹೇಳಿ ತಿರುಗಿಸಿದಳು. "ಮೂರು!" ಎಂದು ನಾನು ಕೂಗಿದ್ದು ಆಚೆ ದಡಕ್ಕೂ ಕೇಳಿರಬೇಕು. ನನಗೆ ಅಳು ಬಂದಿತ್ತು.

ಹನ್ನೆರಡೂ ಕಾಲಿಗೆ ದೋಣಿಯ ಮೂತಿ ಸಾಮಿಲ್ಲಿನ ಕಟ್ಟೆಗೆ ತಾಗಿತು. ಹಿಂದೆ ಮರದ ದಿಮ್ಮಿ ಸಾಗಿಸುವ ಹಡಗುಗಳನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆ ಅಲ್ಲಿನ್ನೂ ಇದೆ. ಅರ್ಡೆಲ್ ಆತನ ಕೈ ಹಿಡಿದು ಅದರ ಮೇಲೆ ಇಡಿಸಿದಳು, ಆತ ಫೋಟೋ ತೆಗೆದ, ಕೂಡಲೇ ತಿರುಗಿದೆವು. ನೂರು ಗಜವೂ ಬಂದಿರಲಿಲ್ಲ, ನೀರು ಕೈಕೊಟ್ಟಿತು. ದೋಣಿ ಕೆಸರಿನ ಮೇಲೆ ಓರೆಯಾಗಿ ಕೂತುಬಿಟ್ಟಿತು.

"ಈಗೇನು ಮಾಡೋದು?" ಎಂದ ಥಿಬೋಡೊ.

"ಊಟ ಮಾಡೋದು," ಎಂದಳು ಅರ್ಡೆಲ್.

ಏಳೂವರೆ ಗಂಟೆ ಹೊತ್ತು ಕೂತೆವು. ಇಳಿದು ನಡೆಯುವಂತಿಲ್ಲ. ಕರಿನುಸಿ ಆತನ ಕಿವಿಯ ಹಿಂದೆ ಕಚ್ಚಿ ರಕ್ತ ಬರಿಸಿತು. ತಣ್ಣಗಿನ ಬೀನ್ಸ್ ಹಚ್ಚಿದ ಬ್ರೆಡ್ಡು, ಉಪ್ಪಿನಕಾಯಿ ಹಾಕಿದ ಮೊಟ್ಟೆ, ಡೋನಟ್ ಖಾಲಿಯಾದವು. ನೀರು ಎತ್ತಿಹಾಕುವ ಬಕೆಟ್ಟು ಬೇರೊಂದು ಕೆಲಸಕ್ಕೂ ಬಂತು. ಸರದಿಯ ಮೇಲೆ ಉಳಿದಿಬ್ಬರು ಮುಖ ತಿರುಗಿಸಿ ಸಾಮಿಲ್ಲಿನ ಬಗ್ಗೆ ಜೋರಾಗಿ ಮಾತಾಡಿದೆವು. ಮೊದಲ ಗಂಟೆ ಆತ ಮುನಿಸಿಕೊಂಡಿದ್ದ. ನದಿ ಪೂರ್ತಿ ಇಳಿದಾಗ ನಮ್ಮಿಂದ ಕೆಳಕ್ಕೆ ಹರಿವಿನ ಸಣ್ಣ ಗೆರೆ ಬಯಲಾಯಿತು, ಅದರ ಪಕ್ಕಕ್ಕೇ ಒಂದೊಂದಾಗಿ ಅರ್ಡೆಲಳ ಸಸಿಗಳು ನಿಂತಿದ್ದವು, ತಿರುವಿಗೆ ತಿರುವು. ಆತ ಬಹಳ ಹೊತ್ತು ನೋಡಿ ನಕ್ಷೆ ಬಿಚ್ಚಿ, ಚುಕ್ಕಿಗಳ ಮೇಲೆ ಪೆನ್ಸಿಲ್ ಇಟ್ಟ.

"ಮೊದಲ ತಿರುವಿಂದ ಹೇಳಿ ಮೇಡಮ್."

ಅವಳು ಹೇಳಿದಳು. ಈ ವರ್ಷದ್ದು ಹೇಳಿ, ಹೋದ ವರ್ಷದ್ದು ಹೇಳಿ, ಅವಳ ಗಂಡ ಲೋರಿಂಗ್ ಬದುಕಿದ್ದಾಗ ನದಿ ಎಲ್ಲೆಲ್ಲಿ ಮಲಗಿತ್ತೋ ಅದನ್ನೂ ಹೇಳಿದಳು. ಆತ ರಬ್ಬರಿನಲ್ಲಿ ಒರೆಸಿ ಒರೆಸಿ ಬರೆದ.

ಆತ ತೂಕಡಿಸಿದಾಗ ನಾನು ಮೆಲ್ಲಗೆ ಕ್ಷಮೆ ಕೇಳಿದೆ.

"ನೀನು ಸರಿಯಾಗಿ ಹೇಳಿದ್ರೆ ತುಂಬಿದ ನೀರಲ್ಲಿ ಹೋಗಿ ಬಂದು, ಕೈ ಕುಲುಕಿ ಊಟದ ಹೊತ್ತಿಗೆ ಹೋಗ್ಬಿಡ್ತಿದ್ದ. ಈ ಕೆಸರೆಲ್ಲಿ ನೋಡ್ತಿದ್ದ?" ಎಂದಳು. ಆಮೇಲೆ, "ಆದ್ರೂ ಇನ್ಮೇಲೆ ನನ್ನ ಪರವಾಗಿ ಲೆಕ್ಕ ಮಾಡೋಕೆ ಬರ್ಬೇಡ," ಎಂದು ನನ್ನ ಮೊಣಕಾಲಿಗೆ ಒಂದು ಬಿಟ್ಟಳು.

ಸಂಜೆ ನೀರು ವಾಪಸು ಬಂದು ದೋಣಿಯ ಕೆಳಗೆ ಗುಳುಗುಳು ಎಂದಿತು. ಥಿಬೋಡೊ ತನ್ನ ವರದಿಯ ಫಾರಮ್ಮು ತೆಗೆದು ಗಟ್ಟಿಯಾಗಿ ಓದಿದ: "ಸೇತುವೆಯ ಮೇಲ್ಭಾಗದಲ್ಲಿ ದೋಣಿ ಸಂಚಾರ ಇದೆಯೇ?" ಸುತ್ತ ನೋಡಿದ. "ಇಲ್ಲ ಅಂತ ಬರೆದ್ರೆ ಬೆಳಿಗ್ಗೆಯಿಂದ ನಾನು ಕೂತಿರೋದು ಯಾವುದ್ರಲ್ಲಿ ಅಂತ ನನ್ನ ಹೆಂಡತಿ ಕೇಳ್ತಾಳೆ," ಎಂದು ಹೌದೆಂದು ಬರೆದ. ಮುಂದಿನ ಸಾಲು ದೋಣಿಯ ಎತ್ತರ; ಸೇತುವೆಯಡಿ ಎಷ್ಟು ಜಾಗ ಬಿಡಬೇಕೆನ್ನುವುದು ಅದರ ಮೇಲೆ. ಅರ್ಡೆಲ್ ಎರಡಡಿ ಎಂದಳು. ಆತ ಬರೆಯಲಿಲ್ಲ. ದೋಣಿ ತೇಲಿ, ಅವಳು ಎಂದಿನಂತೆ ಪೈಪು ಹಿಡಿದು ಎದ್ದಾಗ, "ಹಾಗೇ ನಿಂತಿರಿ ಮೇಡಮ್," ಎಂದು ಅಳತೆಪಟ್ಟಿ ಬಿಚ್ಚಿ, ನೀರಿನ ಮಟ್ಟದಿಂದ ಅವಳ ಟೋಪಿಯ ತುದಿಯವರೆಗೆ ಹಿಡಿದ.

ಎರಡು ವರ್ಷಕ್ಕೆ ಸೇತುವೆಯಾಯಿತು. ಅಕ್ಟೋಬರಿನ ಹುಣ್ಣಿಮೆ, ವರ್ಷದಲ್ಲೇ ಅತಿ ಎತ್ತರದ ಉಬ್ಬರ. ಅಂಥ ದಿನ ಹಳೆಯ ಸೇತುವೆಯಡಿ ಅವಳೂ ಕುಕ್ಕರಿಸಲೇಬೇಕಾಗುತ್ತಿತ್ತು. ಅಂದೇ ಹೋಗಬೇಕೆಂದು ಹಟ ಹಿಡಿದು ನನ್ನನ್ನೂ ಹತ್ತಿಸಿಕೊಂಡಳು. ಕಾಂಕ್ರೀಟಿನ ತೊಲೆ ಹತ್ತಿರ ಬಂದಾಗ ಅಭ್ಯಾಸಬಲದಿಂದ ನಾನು ತಲೆ ತಗ್ಗಿಸಿದೆ. ಹಿಂದೆ ತಿರುಗಿ ನೋಡಿದರೆ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು, ತೊಲೆಗೂ ಟೋಪಿಗೂ ನಡುವೆ ಒಂದು ಗೇಣು.

"ಯಾಕೆ ಬಗ್ತೀಯೆ?" ಎಂದಳು ಅರ್ಡೆಲ್. "ಎದ್ದು ನಿಂತ್ಕೋ."