ಕಿಂಡಿಗೆ ಬಾಯಿಟ್ಟು ಅಪ್ಪ ಹೇಳುತ್ತಿದ್ದ ಮಂತ್ರ

ಮಗಳು ಮಲಗಿದಳೆಂದರೆ ಅವಳಿಗೆ ಕೆಲಸ ಶುರು. ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರು ತಾಗಿದ ಮೇಲೇ ಜೀವ ತಣ್ಣಗಾಗುವುದು. ಬೆರಳನ್ನೂ ನಂಬದೆ ಕೆಲವೊಮ್ಮೆ ತುಟಿಯನ್ನೇ ಒಡ್ಡಿ ನೋಡುವಳು.

"ಉಸಿರಾಡ್ತಿದೆ ಕಣಮ್ಮ, ಬಿಡು! ಎಬ್ಬಿಸಿ ಕೇಳ್ತೀಯಾ ಏನು?" ಎಂದು ಚಿಕ್ಕಪ್ಪ ಗೇಲಿ ಮಾಡುತ್ತಿದ್ದ. ಅವಳಿಗೆ 'ಗಾಬರಿ ಮೇಡಂ' ಎಂದು ಹೆಸರಿಟ್ಟವನೂ ಅವನೇ.

ಗಂಡನದು ಊರೂರು ತಿರುಗುವ ಲಾರಿ ಕೆಲಸ. ಹಾಗಾಗಿ ಅವಳು ಕೂಸಿನೊಂದಿಗೆ ಅಪ್ಪನ ಮನೆಯಲ್ಲೇ ಇದ್ದಳು. ಹಿತ್ತಿಲ ತುಂಬಾ ಜೇಡಿಮಣ್ಣು, ಒಣಗಲು ಇಟ್ಟ ಹೂಜಿ, ಹೂಕುಂಡ. ಅದರಾಚೆ ಇಟ್ಟಿಗೆಯಲ್ಲಿ ಕಟ್ಟಿದ, ಮಡಕೆ ಸುಡುವ ಆವಿಗೆ. ಹುಡುಗಿಯಾಗಿದ್ದಾಗಿಂದ ಕುಂಬಾರರ ತಿಗರಿ ತಿರುಗಿಸಿ ಅವಳ ಕೈ ಪಳಗಿತ್ತು. ಪಳಗದೇ ಇದ್ದದ್ದು ಮನಸ್ಸು.

ದೇವರನ್ನು ಅವಳು ಹುಡುಕದ ಜಾಗವಿರಲಿಲ್ಲ. ಪ್ರವಚನ ಕೇಳಿದಳು. ಧ್ಯಾನಮಂದಿರದಲ್ಲಿ ಕಣ್ಣು ಮುಚ್ಚಿ ಕೂತಳು. ಮುಚ್ಚಿದ ಕಣ್ಣೊಳಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆಯೇ ಪದ್ಮಾಸನ ಹಾಕಿಕೊಂಡು ಕೂರುತ್ತಿತ್ತು. "ನೀವು ಕಂಡಿದ್ದೀರಾ?" ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಮೊದಲು ನಂಬು, ಆಮೇಲೆ ಕಾಣುತ್ತೆ. ಅವಳ ತಲೆ ಅದಕ್ಕೆ ತಿರುಗಾಮುರುಗ: ಮೊದಲು ಕಾಣಬೇಕು, ಆಮೇಲೆ ನಂಬುವುದು. ಕೂಸು ಹುಟ್ಟಿದ ಮೇಲಂತೂ ಹಿಡಿದುಕೊಳ್ಳಲು ಏನಾದರೊಂದು ಬೇಕೇ ಬೇಕು ಅನ್ನಿಸತೊಡಗಿತ್ತು.

ಸತ್ಯ ಗೊತ್ತಿರುವ ಒಬ್ಬರೇ ಒಬ್ಬರೆಂದರೆ ಅಪ್ಪ ಎಂಬುದು ಅವಳ ಎಣಿಕೆ. ಆವಿಗೆ ತುಂಬಿಸಿ, ಬಾಗಿಲಿಗೆ ಇಟ್ಟಿಗೆ ಕಟ್ಟಿ, ಒಲೆಬಾಯಿಯಲ್ಲಿ ಸಣ್ಣ ಉರಿ ಹಚ್ಚಿ, ಕೊನೆಯ ಇಟ್ಟಿಗೆ ಇಡುವ ಮುನ್ನ ಅವನು ಆ ಕಿಂಡಿಗೆ ಬಾಯಿ ಹಚ್ಚಿ ನಿಲ್ಲುತ್ತಿದ್ದ. ತುಟಿ ಅಲುಗುತ್ತಿದ್ದವು. ಆಗ ಹಿತ್ತಿಲಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಕೆಲಸದವರು ಕೈಮುಗಿದು ನಿಲ್ಲುವರು. ಅಪ್ಪನ ಮಂತ್ರದಿಂದಲೇ ಮಡಕೆ ಸೀಳುವುದಿಲ್ಲ ಎಂದು ಎಲ್ಲರ ನಂಬಿಕೆ. "ಏನಪ್ಪಾ ಹೇಳ್ತೀಯ?" ಎಂದರೆ, "ನಿನ್ನ ಸರದಿ ಬರಲಿ" ಎಂದು ನಗುತ್ತಿದ್ದ.

ಸರದಿ ಬರುವಷ್ಟರಲ್ಲಿ ಲಕ್ವ ಹೊಡೆದು ಅಪ್ಪನ ಮಾತೇ ಬಿದ್ದುಹೋಯಿತು. ಆವಿಗೆ ತಿಂಗಳುಗಟ್ಟಲೆ ತಣ್ಣಗೆ ಕೂತಿತು.

"ಮಂತ್ರ ಇಲ್ಲದ ಮೇಲೆ ಅದು ಬರೀ ಇಟ್ಟಿಗೆ ರಾಶಿ. ಕೆಡವಿ ಗೋದಾಮು ಕಟ್ಟೋಣ, ಬಾಡಿಗೆನಾದ್ರೂ ಬರುತ್ತೆ," ಎಂದ ಚಿಕ್ಕಪ್ಪ.

"ಒಂದು ಸಲ ನಾನು ಸುಡ್ತೀನಿ. ಒಡೆದ್ರೆ ಕೆಡವು."

ಆವಿಗೆ ಹೋದರೆ ತನ್ನ ಕೈಯ ಕೆಲಸವೂ ಹೋದಂತೆ ಎಂದು ಅವಳಿಗೆ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹಿತ್ತಿಲಿಗೆ ತಂದರು. ಆವಿಗೆ ತುಂಬಿ, ಬಾಗಿಲು ಕಟ್ಟಿ, ಸಣ್ಣ ಉರಿ ಹಚ್ಚಿಯಾಗಿತ್ತು; ಕೊನೆಯ ಇಟ್ಟಿಗೆಯ ಕಿಂಡಿಯೊಂದು ಉಳಿದಿತ್ತು. ಸೌದೆ ಹೊರುವ ಕೆಲಸದಲ್ಲೇ ತಲೆ ನರೆತಿದ್ದ ಸೌದೆಯಕ್ಕ ಆಗಲೇ ಕೈಮುಗಿದಿದ್ದಳು. ಚಿಕ್ಕಪ್ಪ ಹತ್ತಿರ ಬಂದು ಪಿಸುಗುಟ್ಟಿದ: "ಸುಮ್ನೆ ತುಟಿ ಅಲ್ಲಾಡಿಸು. ಯಾರಿಗೆ ತಿಳಿಯುತ್ತೆ?"

"ನಂಗೆ ತಿಳಿಯುತ್ತಲ್ಲ," ಎಂದು ಅವಳು ಎಲ್ಲರ ಕಡೆ ತಿರುಗಿದಳು. "ಮಂತ್ರ ನನಗೆ ಬರಲ್ಲ. ಬರುತ್ತೆ ಅಂತ ನಾಟಕಾನೂ ಆಡಲ್ಲ."

ಚಿಕ್ಕಪ್ಪ ಹಣೆ ಚಚ್ಚಿಕೊಂಡ. ಕುರ್ಚಿಯಿಂದ ಗೊರಗೊರ ಸದ್ದು. ನೋಡಿದರೆ ಅಪ್ಪ ನಗುತ್ತಿದ್ದ! ಸರಿಯಿದ್ದ ಕೈಯಿಂದ ಅವಳನ್ನು ಕರೆದು, ಪಕ್ಕದ ನೀರಿನ ಬಟ್ಟಲಲ್ಲಿ ಹೆಬ್ಬೆರಳು ಅದ್ದಿ, ಅವಳ ತುಟಿಗೆ ಸವರಿ, ಕಿಂಡಿ ತೋರಿಸಿದ.

"ಬಾಯಿ ಮುಚ್ಕೊಂಡಿರು ಅಂತಿದ್ದಾನೆ," ಎಂದು ಚಿಕ್ಕಪ್ಪ ಅರ್ಥ ಹೇಳಿದ.

ಅವಳು ಬಗ್ಗಿ ಕಿಂಡಿಗೆ ತುಟಿ ಒಡ್ಡಿದಳು. ಏನಿಲ್ಲ. ಬೂದಿಯ ವಾಸನೆ, ಮಣ್ಣಿನ ವಾಸನೆ. ಒದ್ದೆ ತುಟಿ ಒದ್ದೆಯಾಗೇ ಇತ್ತು. ಹಾಗೇ ಕಾಯುತ್ತಾ ನಿಂತಳು. ಈ ಕಾಯುವಿಕೆ ಅವಳಿಗೆ ಹೊಸದಲ್ಲ. ತೊಟ್ಟಿಲ ಮೇಲೆ ಬಗ್ಗಿ ಅವಳು ನಿತ್ಯವೂ ಹೀಗೇ ಕಾಯುತ್ತಿದ್ದಳು.

"ಉಸಿರಿಲ್ಲ," ಎಂದಳು.

"ಯಾರಿಗೆ?"

"ಆವಿಗೆಗೆ. ಉಸಿರಾಡ್ತಾ ಇಲ್ಲ. ಹೊಗೆಗೂಡು ಗಾಳಿ ಎಳೀತಿಲ್ಲ ಚಿಕ್ಕಪ್ಪ, ಉರಿ ಆರಿಸು!"

"ಕೂಸಿಂದು ಮುಗೀತು, ಈಗ ಇಟ್ಟಿಗೇದಾ?" ಎಂದು ಅವನು ಗೊಣಗಿದ. ಅಪ್ಪ ಮಾತ್ರ ಕುರ್ಚಿಯ ಕೈಯನ್ನು ಪಟಪಟ ಬಡಿಯುತ್ತಿದ್ದ. ಉರಿ ಆರಿಸಿ ಹೊಗೆಗೂಡಿನ ಬುಡ ಬಿಚ್ಚಿದರೆ, ಒಳಗೆ ಎರಡು ಇಟ್ಟಿಗೆ ಕಳಚಿ ಬಿದ್ದಿದ್ದವು. ಅವುಗಳ ಮೇಲೆ ಯಾವುದೋ ಹಕ್ಕಿ ಸಂಸಾರ ಹೂಡಿ ಹೋಗಿತ್ತು. ಹಾಗೇ ಸುಟ್ಟಿದ್ದರೆ ಉರಿ ಒಂದೇ ಕಡೆ ನುಗ್ಗಿ ಅರ್ಧಕ್ಕರ್ಧ ಮಡಕೆ ಸೀಳುತ್ತಿದ್ದವು.

ಎಲ್ಲ ತೆಗೆದು, ಸರಿಮಾಡಿ, ಮತ್ತೆ ಉರಿ ಹಚ್ಚಿ ಅವಳು ತುಟಿ ಒದ್ದೆ ಮಾಡಿಕೊಂಡು ಬಗ್ಗಿದಳು. ಈಗ ಬಂತು. ದಾರದೆಳೆಯಷ್ಟು ತಣ್ಣನೆಯ ಗಾಳಿ ಅವಳ ತುಟಿ ಸವರಿಕೊಂಡು ಒಳಗೆ ಹರಿಯಿತು. ಅಷ್ಟು ದೊಡ್ಡ ಆವಿಗೆ ಅವಳ ಬಾಯಿಯ ಮುಂದೆ ಮೆಲ್ಲಗೆ ಉಸಿರೆಳೆಯುತ್ತಿತ್ತು. ಯಾವ ಧ್ಯಾನಮಂದಿರದಲ್ಲೂ ನಿಲ್ಲದ ಮನಸ್ಸು ಅಲ್ಲಿ ನಿಂತಿತು. ಗ್ಯಾಸಿನ ನೆನಪೂ ಆಗಲಿಲ್ಲ. ತುಟಿ ತಾವಾಗಿಯೇ ಅಲುಗಿದವು. ಏನು ಹೇಳಿದಳೋ ಅವಳಿಗೇ ತಿಳಿಯದು.

ಆವಿಗೆ ಆರಿ ಬಾಗಿಲು ಬಿಚ್ಚಿದ ದಿನ ಅವಳು ಮೊದಲ ಹೂಜಿಯನ್ನು ಬೆರಳ ಗಂಟಿನಿಂದ ತಟ್ಟಿದಳು. ಟಣ್ ಎಂದಿತು. ಎರಡನೆಯದೂ ಟಣ್. ಸೌದೆಯಕ್ಕ ಹೂಕುಂಡ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟುವವರೇ. ಹಿತ್ತಿಲೆಲ್ಲಾ ಗಂಟೆಯಂಗಡಿಯಾಯಿತು. ಒಳಗೆ ಮಲಗಿದ್ದ ಕೂಸು ಎದ್ದು ಅತ್ತಿತು. ಅವಳು ಓಡದೆ, ನಗುತ್ತಾ ನಡೆದೇ ಹೋಗಿ ಎತ್ತಿಕೊಂಡು ಬಂದಳು.

ಚಿಕ್ಕಪ್ಪ ಆಗಲೇ ಬೀದಿಗೆಲ್ಲಾ ಸಾರಿದ್ದ: "ನಮ್ಮಣ್ಣ ಹೆಬ್ಬೆರಳಲ್ಲೇ ಅವಳ ತುಟಿ ಮೇಲೆ ಮಂತ್ರ ಬರೆದ!" ಕೆಲಸದವರು ಅವಳನ್ನು ಕಂಡರೆ ತಗ್ಗಿ ನಡೆಯತೊಡಗಿದರು. ಸುಮ್ಮನಿದ್ದುಬಿಟ್ಟರೆ ಮರ್ಯಾದೆ ಮನೆಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆದರೆ ಮುಂದಿನ ಆವಿಗೆ ತುಂಬಿದಾಗ ಅವಳು ಎಲ್ಲರನ್ನೂ ಕರೆದಳು.

"ಮಂತ್ರ ಬರೆದದ್ದೂ ಇಲ್ಲ, ಏನೂ ಇಲ್ಲ. ಅಪ್ಪ ಗಾಳಿ ನೋಡ್ತಿದ್ದ."

"ಹಾಗಾದ್ರೆ ಇಷ್ಟು ವರ್ಷ ನಾನು ಕೈಮುಗಿದಿದ್ದು ಗಾಳಿಗಾ?" ಸೌದೆಯಕ್ಕನ ಮುಖ ಸಣ್ಣಗಾಯಿತು.

"ಬಾ ಅಕ್ಕ. ತುಟಿ ಒದ್ದೆ ಮಾಡ್ಕೊ. ನೀನೇ ನೋಡು."

ಸೌದೆಯಕ್ಕ ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕೈಗಳು ತಾವೇ ಕೂಡಿಕೊಂಡಿದ್ದವು. "ಮುಗಿದಿದ್ದು ಸರಿಯಾಗೇ ಇತ್ತು ಬಿಡು," ಎಂದಳು.

ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೊನೆಗೆ ಮೀಸೆ ಒರೆಸಿಕೊಂಡು ಚಿಕ್ಕಪ್ಪನೂ ಬಗ್ಗಿದ. ಬಗ್ಗಿದವನು ಅಲ್ಲೇ ಇದ್ದಾನೆ, ಏಳುವ ಸುಳಿವೇ ಇಲ್ಲ.

"ಉಸಿರಾಡ್ತಿದೆ ಚಿಕ್ಕಪ್ಪ, ಬಿಡು," ಎಂದಳು ಅವಳು, ಕೊನೆಯ ಇಟ್ಟಿಗೆ ಕೈಯಲ್ಲಿ ಹಿಡಿದು. "ಎಬ್ಬಿಸಿ ಕೇಳ್ತೀಯಾ ಏನು?"

ಕುರ್ಚಿಯಲ್ಲಿ ಅಪ್ಪ ಗೊರಗೊರ ನಕ್ಕ.