ಹಾಗಲಕಾಯಿ ಗೊಜ್ಜಿಗೆ ಬೆರೆಸಿದ ಮಾತ್ರೆ

ಏಳೆಂಟು ವರ್ಷಗಳ ಹಿಂದಿನ ಮಾತು. ಆಗ ನಾನು ಸೊರಬದ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸ್ತ್ರೀರೋಗ ವೈದ್ಯೆ. ಗುಡವಿ ಕಡೆಯ ಹಳ್ಳಿಯಿಂದ ಒಬ್ಬಳು ಬಂದಳು. ರೇಣುಕಾ ಎನ್ನೋಣ, ನಿಜವಾದ ಹೆಸರು ಬೇಡ. ತವರು ಶಿಕಾರಿಪುರದ ಹತ್ತಿರ. ಬಿಳಿ ಸೆರಗು, ತುರಿಕೆ, ವಾಸನೆ. ನಮ್ಮ ಹೆಂಗಸರು ಇದಕ್ಕೆಲ್ಲ ಒಂದೇ ಹೆಸರಿಡುತ್ತಾರೆ, ಉಷ್ಣ. ಎಳನೀರು, ಮೆಂತ್ಯದ ನೀರು ಎಲ್ಲ ಮುಗಿದ ಮೇಲೆ ನಾಚುತ್ತಲೇ ನಮ್ಮ ಬಾಗಿಲಿಗೆ ಬರುತ್ತಾರೆ.

ಆದರೆ ಸೆರಗೆಲ್ಲ ಒಂದೇ ಅಲ್ಲ. ಒಡೆದ ಮೊಸರಿನಂತಿದ್ದು ತುರಿಸಿದರೆ ಸಾಮಾನ್ಯವಾಗಿ ಫಂಗಸ್. ತೆಳ್ಳಗಿದ್ದು ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾ. ರೇಣುಕಾಳದು ಹಸಿರು ಬೆರೆತ ಹಳದಿ, ನೊರೆನೊರೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಓಡಾಡುತ್ತಿತ್ತು. ಇದು ದೇಹಸಂಪರ್ಕದಿಂದ ಹರಡುವ ಸೋಂಕು. ಗಂಡಸರಲ್ಲಿ ಹೆಚ್ಚಾಗಿ ಸುಳಿವನ್ನೇ ಕೊಡುವುದಿಲ್ಲ. ಹೆಂಡತಿಗೊಬ್ಬಳಿಗೇ ಔಷಧಿ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ನಿಮ್ಮ ಯಜಮಾನರನ್ನೂ ಕರ್ಕೊಂಡು ಬಾಮ್ಮ" ಎಂದೆ.

"ಅವ್ರು ಬರಲ್ರಿ ಮೇಡಂ. ನಾನೇ ಕೊಡ್ತೀನಿ."

ಇಬ್ಬರಿಗೂ ಮೆಟ್ರೊನಿಡಜೋಲ್ ಮಾತ್ರೆ ಬರೆದೆ. ಮಾತ್ರೆ ಮುಗಿಯುವ ತನಕ ಗಂಡ ಕುಡಿಯಬಾರದು, ಹೆಂಡದ ಜೊತೆ ಸೇರಿದರೆ ಈ ಮಾತ್ರೆ ಮೈಗೆ ಆಗದು ಎಂದು ಒತ್ತಿ ಹೇಳಿದೆ.

ಗಂಡನ ಮುಂದೆ ಬಾಯಿಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಕಹಿ ತಿಳಿಯದಿರಲೆಂದು ಮಾತ್ರೆಯನ್ನು ಪುಡಿಮಾಡಿ ಹಾಗಲಕಾಯಿ ಗೊಜ್ಜಿಗೆ ಬೆರೆಸಿ ಬಡಿಸಿದಳು. ಅವನು ಕುಡಿದು ಬಂದಿದ್ದ. ಮುಖ ಕೆಂಪೇರಿತು, ಎದೆ ಡವಗುಟ್ಟಿತು, ವಾಂತಿಯೋ ವಾಂತಿ. ಒರಳಿನಲ್ಲಿ ಉಳಿದ ಪುಡಿ ಅತ್ತೆಯ ಕಣ್ಣಿಗೆ ಬಿತ್ತು.

ಗಂಡನನ್ನು ವಶ ಮಾಡಿಕೊಳ್ಳಲು ಊಟದಲ್ಲಿ ಏನನ್ನೋ ಬೆರೆಸುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಮದ್ದು ಹಾಕುವುದು ಎನ್ನುತ್ತಾರೆ. ಆ ಹೆಸರು ಅಂಟಿದ ಹೆಂಗಸಿನ ಕೈಯಿಂದ ಊರಲ್ಲಿ ಯಾರೂ ನೀರು ಕೂಡ ಕುಡಿಯುವುದಿಲ್ಲ.

ಅದು ಮದ್ದಲ್ಲ, ಬೇಕಾದರೆ ಡಾಕ್ಟರನ್ನೇ ಕೇಳಿ ಎಂದಳಂತೆ ರೇಣುಕಾ; ಅವನು ಚೇತರಿಸಿಕೊಂಡ ಮೇಲೆ ಮೂವರೂ ನನ್ನಲ್ಲಿಗೆ ಬಂದರು. ರೇಣುಕಾ ಮೊದಲೇ ಒಳಗೆ ನುಗ್ಗಿ ನಡೆದದ್ದನ್ನೆಲ್ಲ ಹೇಳಿ ಕೈ ಹಿಡಿದುಕೊಂಡಳು. "ಅವ್ರಿಗೊಬ್ರಿಗೆ ಹೇಳ್ರಿ. ಅತ್ತೆ ಮುಂದೆ ಮಾತ್ರ ಆ ರೋಗದ ಹೆಸರು ಎತ್ತಬ್ಯಾಡ್ರಿ. ನನ್ನ ನಡತೇನೇ ಸರಿ ಇಲ್ಲ ಅಂತಾರ್ರಿ."

ಗಂಡನನ್ನು ಒಬ್ಬನನ್ನೇ ಕೂರಿಸಿ ವಿವರಿಸಿದೆ. ತಲೆ ತಗ್ಗಿಸಿ ಕೇಳಿದ.

"ಅಮ್ಮಂಗೆ ಗೊತ್ತಾ?"

"ಇಲ್ಲ."

ನಾನು ಮತ್ತೆ ಬರೆದುಕೊಟ್ಟ ಚೀಟಿಯನ್ನು ಜೇಬಿಗಿಳಿಸಿ ಹೊರಗೆ ಹೋದವನೇ ತಾಯಿಗೆ ಹೇಳಿದ: "ಮದ್ದೇ ಅಂತೆ ಅಮ್ಮ. ಡಾಕ್ಟ್ರೂ ಅದನ್ನೇ ಅಂದ್ರು."

ನಾನು ಅವನ ಹಿಂದೆಯೇ ಹೊರಗೆ ಬಂದೆ. "ಸುಳ್ಳು! ಅದು ನಾನು ಬರೆದ ಮಾತ್ರೆ" ಎಂದೆ.

"ಯಾವ ಕಾಯಿಲೆಗೆ?" ಎಂದಳು ಅತ್ತೆ.

ರೇಣುಕಾ ನನ್ನನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದಳು. ರೋಗಿಯ ಗುಟ್ಟು ರೋಗಿಯದು. ನಾನು ಬಾಯಿ ಮುಚ್ಚಿಕೊಂಡೆ. ಅವಳು ಅಲ್ಲಿಂದಲೇ ಶಿಕಾರಿಪುರದ ಬಸ್ಸು ಹತ್ತಿದಳು, ಮತ್ತೆ ಆ ಮನೆಗೆ ಹೋಗಲಿಲ್ಲ. ಅವಳು ತಲೆಯಾಡಿಸಿದ್ದು ಈಗಲೂ ಕನಸಿನಲ್ಲಿ ಬರುತ್ತದೆ.

ಚೀಟಿ ಬರೆದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ, ಆ ಮಾತ್ರೆಯನ್ನು ಗಂಡನಿಗೆ ಯಾರು, ಏನೆಂದು ಹೇಳಿ ಕೊಡುತ್ತಾರೆ ಎಂದೂ ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಕಲಿತದ್ದು ಎಷ್ಟು ಉಪಯೋಗಕ್ಕೆ ಬಂತೋ ಕಾಣೆ. ಕೆಲವು ವರ್ಷಗಳ ನಂತರ ಅದೇ ಅತ್ತೆ ಹೊಸ ಸೊಸೆಯನ್ನು ಕರೆತಂದಳು. ಅದೇ ತುರಿಕೆ, ಅದೇ ನೊರೆ.

"ಹಳೇಳು ಹಾಕಿದ ಮದ್ದು ಇನ್ನೂ ಮನೇಲೇ ಉಳ್ಕಂಡಿದೆ ಡಾಕ್ಟ್ರೇ" ಎಂದಳು.

ಹುಡುಗಿಯನ್ನು ಒಳಗೆ ಕರೆದು ಎಲ್ಲ ತಿಳಿಸಿ, ಅವಳು ಹೂಂ ಎಂದ ಮೇಲೆ ಅತ್ತೆಗೆ ಹೇಳಿದೆ: "ಮಗನನ್ನ ಕಳಿಸಿ. ಅವನ ಮಾತ್ರೆ ನನ್ನ ಕೈಯಿಂದಲೇ ಕೊಡ್ತೀನಿ."

ಅವನು ಬರಲೇ ಇಲ್ಲ. ಆ ಹುಡುಗಿ ಮಾತ್ರ ಬರುತ್ತಲೇ ಇದ್ದಳು.