ನ್ಯೂ ಹೆಬ್ರಿಡೀಸ್‌ನ ಕಾಗದ

ಪೆನ್ಷನ್ ಬಂದ ದಿನ ಜನ ಮೊಮ್ಮಕ್ಕಳಿಗೆ ಮಿಠಾಯಿ ಒಯ್ಯುತ್ತಾರೆ. ಜೋಗುಪಾಳ್ಯದ ರಿಟೈರ್ಡ್ ಪೋಸ್ಟ್‌ಮ್ಯಾನ್ ಸಂಜೀವಪ್ಪ ಎಂಬ ಈ ಪುಣ್ಯಾತ್ಮ ಫಿಜಿ, ಟೋಂಗಾ, ಸಮೋವಾಗಳ ಹಳೇ ಸ್ಟಾಂಪು, ಹಳೇ ಲಕೋಟೆ ತರುತ್ತಾನೆ. ಮೈಸೂರಿನಾಚೆ ಕಾಲಿಟ್ಟವನಲ್ಲ. ಆದರೆ ಪೆಸಿಫಿಕ್ಕಿನ ಯಾವ ದ್ವೀಪವನ್ನು ಯಾವ ದೊರೆಗಳು ಎಷ್ಟು ವರ್ಷ ಆಳಿದರು ಅಂತ ಕೇಳಿ ನೋಡಿ, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾನೆ.

"ಹೋಗದ ಊರಿಗೆ ದಾರಿ ಕೇಳೋರು ಅಂದ್ರೆ ನಮ್ಮನೆಯವ್ರೇ," ಎಂದು ಹೆಂಡತಿ ವೆಂಕಟಮ್ಮ ನಗುತ್ತಾಳೆ.

ಈ ಹುಚ್ಚು ಹತ್ತಿಸಿದವರು ಮಾರಿಯಾ, ಹಲಸೂರಿನ ಓಣಿಯೊಂದರ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದ ಹೆಂಗಸು. ಅವರ ತಮ್ಮ ಪೆಸಿಫಿಕ್ಕಿನ ನ್ಯೂ ಹೆಬ್ರಿಡೀಸ್ ದ್ವೀಪಗಳ ಹೋಟೆಲೊಂದರಲ್ಲಿ ಅಡಿಗೆಯವನು. ಇಂಗ್ಲಿಷರೂ ಫ್ರೆಂಚರೂ ಒಟ್ಟಿಗೆ ಆಳುತ್ತಿದ್ದ ನಾಡು ಅದು. ಒಂದೇ ಸ್ಟಾಂಪನ್ನು ಎರಡು ಭಾಷೆಗಳಲ್ಲಿ ಅಚ್ಚು ಹಾಕುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಂಜೀವಪ್ಪ ಕಾಗದ ಕೊಟ್ಟು ಕೆಳಗಿಳಿಯುವಷ್ಟರಲ್ಲಿ ಮೇಲೆ ಕತ್ತರಿಯ ಸದ್ದಾಗುತ್ತಿತ್ತು. "ತಂಬಿ, ನಿಂಗೆ," ಎಂದು ಮಾರಿಯಾ ಸ್ಟಾಂಪಿದ್ದ ಮೂಲೆಯನ್ನು ಕತ್ತರಿಸಿ ಮೇಲಿನಿಂದಲೇ ಬಿಡುತ್ತಿದ್ದರು. ಅದು ತೇಲುತ್ತ ಬಂದು ಅವನ ಕಾಲ ಬಳಿ ಬೀಳುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಒಮ್ಮೆ ಹೊಸ ಚಪ್ಪಲಿ ಕಚ್ಚಿ ಅವನ ಹಿಮ್ಮಡಿ ಬೊಬ್ಬೆಯೆದ್ದಿತ್ತು. ಮೂರು ಮಹಡಿ ಹತ್ತಲು ಯಾರಿಗೆ ಬೇಕು? ಮೂರು ದಿನ ಕೆಳಗೇ ನಿಂತು ಮಾರಿಯಾರ ಕಾಗದದ ಹಿಂದೆ 'ಡೋರ್ ಲಾಕ್' ಎಂದು ಬರೆದು ತಾರೀಖು ಹಾಕಿದ. ಮೂರು ಸಲ ಹಾಗಾದರೆ ಕಾಗದ ಬರೆದವರಿಗೇ ವಾಪಸ್. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಮಾರಿಯಾರ ರೇಡಿಯೋ ಅವನ ಕಿವಿಗೇ ಬೀಳುತ್ತಿತ್ತು.

ಆಮೇಲೆ ತಮ್ಮನಿಂದ ಕಾಗದವೇ ಬರಲಿಲ್ಲ. "ನಮ್ದೇನಾದ್ರೂ ಇದೆಯಾ ತಂಬಿ?" ಎಂದು ಆಕೆ ಸಾಯುವವರೆಗೂ ಕೇಳಿದರು. ಸಂಜೀವಪ್ಪ ನಿಜ ಹೇಳಲಿಲ್ಲ. ಆ ನಾಚಿಕೆ ಅವನನ್ನು ನಲವತ್ತು ವರ್ಷಕ್ಕೂ ಹೆಚ್ಚು ಒಳಗೊಳಗೇ ತಿಂದಿತು.

ಹೋದ ತಿಂಗಳು ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಸ್ಟಾಂಪ್ ವ್ಯಾಪಾರಿ ಮಧುಕರ್ ವಿದೇಶದಿಂದ ತರಿಸಿದ ಕಟ್ಟೊಂದನ್ನು ಬಿಚ್ಚಿದ.

"ನಿಮ್ಮ ನ್ಯೂ ಹೆಬ್ರಿಡೀಸ್ ಬಂದಿದೆ ಸಾರ್. ರೇರ್ ಪೀಸು, ಲಕೋಟೆ ಒಡೆದೇ ಇಲ್ಲ."

ಮುಂದೆ ಮಾರಿಯಾರ ಹೆಸರು. ತಿರುಗಿಸಿದರೆ, ಸ್ಟಾಂಪುಗಳ ನೇರ ಹಿಂಬದಿಯಲ್ಲಿ, ಮೂರು ಸಾಲು ಅವನದೇ ಕೈಬರಹ. ಮಾಡಿದ್ದುಣ್ಣೋ ಮಹಾರಾಯ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

"ಆಲ್ಬಮ್ಮಿಗೆ ಕವರ್ ಕೊಡ್ಲಾ ಸಾರ್?"

"ಇದು ಆಲ್ಬಮ್ಮಿಗಲ್ಲಪ್ಪ. ಡೆಲಿವರಿ ಬಾಕಿ ಇದೆ."

ಮರುದಿನ ಮಧ್ಯಾಹ್ನ ಸಂಜೀವಪ್ಪ ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದ. ಈಗ ನಿಜಕ್ಕೂ ಬೀಗವಿತ್ತು, ತುಕ್ಕು ಹಿಡಿದ ಬೀಗ. ಚಪ್ಪಲಿ ಬಿಟ್ಟು, ಬಗ್ಗಿ, ಕಾಗದವನ್ನು ಬಾಗಿಲಡಿಗೆ ಅರ್ಧ ತಳ್ಳಿದ.

"ಮಾರಿಯಮ್ಮಾ, ಪೋಸ್ಟ್," ಎಂದ. "ತಪ್ಪು ನಂದು. ಅವತ್ತು ನಾನು ಹತ್ಲೇ ಇಲ್ಲ."

ಎದುರು ಮನೆಯ ಅಂಬ್ರೀನ್ ಬಾಗಿಲು ತೆರೆದಳು. "ಯಾರ ಹತ್ರ ಮಾತಾಡ್ತಿದೀರಾ ಅಂಕಲ್? ನಾವು ಬಂದು ಹನ್ನೊಂದು ವರ್ಷ ಆಯ್ತು, ಆ ಬೀಗ ಯಾರೂ ತೆಗ್ದಿಲ್ಲ."

ಅವಳಿಗೆ ತಲೆಯಾಡಿಸಿ, ಚಪ್ಪಲಿ ಮೆಟ್ಟಿ, ಸಂಜೀವಪ್ಪ ಮತ್ತೆ ನೆಲ ನೋಡಿದ. ಹೊರಗಿದ್ದ ಅರ್ಧ ಕಾಗದ ಇರಲಿಲ್ಲ. ಅಂಬ್ರೀನ್ ಕೂಡ ಅಲ್ಲೇ ನೋಡುತ್ತಿದ್ದಳು. ಸರ್ರನೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವನು ಗೋಡೆ ಹಿಡಿದು ಇಳಿದ. ಕೊನೆಯ ಮೆಟ್ಟಿಲಿಗೆ ಬರುವಾಗ ಮೇಲೆ ಕತ್ತರಿಯ ಸದ್ದಾಯಿತು. ಅಲ್ಲೇ ನಿಂತ. ತಲೆ ಎತ್ತಲು ಧೈರ್ಯ ಸಾಲಲಿಲ್ಲ. ಸಣ್ಣದೇನೋ ತೇಲುತ್ತ ಬಂದು ಅವನ ಕಾಲ ಬಳಿ ಬಿತ್ತು. ಎರಡು ಸ್ಟಾಂಪುಗಳಿದ್ದ ಮೂಲೆ.

ಬಗ್ಗಿ ಎತ್ತಿಕೊಂಡು ತಿರುಗಿಸಿದ. ಮೂರು 'ಡೋರ್ ಲಾಕ್', ಮೂರು ತಾರೀಖು. ಕಾಗದವನ್ನು ತಾವು ಇಟ್ಟುಕೊಂಡು, ಅವನು ಬರೆದದ್ದನ್ನು ಮಾರಿಯಾ ಅವನಿಗೇ ವಾಪಸ್ ಕಳಿಸಿದ್ದರು.